ಏಪ್ರಿಲ್ ಬೆಂಚು, ಜನವರಿ ಬೆಂಚು: ಕೊಲ್ಯಾಜನ್ ಜೆಲ್ ಹೆಪ್ಪುಗಟ್ಟಿಸುವ ಬಗೆ

ಪ್ರೋಟೊಕಾಲ್ ಹಾಳೆಯಲ್ಲಿ 'ರೂಮ್ ಟೆಂಪರೇಚರ್' ಅಂತ ಬರೆದಿದ್ದರೆ ನಾನು ಅದರ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ. ಯಾರ ರೂಮು? ಯಾವ ತಿಂಗಳು? ಬೆಂಗಳೂರಿನಲ್ಲಿ ಜನವರಿ ಬೆಳಿಗ್ಗೆ ನಮ್ಮ ಬೆಂಚಿನ ಮೇಲೆ 19 ಡಿಗ್ರಿ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ಎಸಿ ಕೈಕೊಟ್ಟರೆ ಅದೇ ಬೆಂಚು 31 ಮುಟ್ಟುತ್ತದೆ. ಬೇರೆ ಕೆಲಸಕ್ಕೆ ಇದರಿಂದ ದೊಡ್ಡ ವ್ಯತ್ಯಾಸ ಆಗದಿರಬಹುದು. ಕೊಲ್ಯಾಜನ್ ಜೆಲ್‌ಗೆ ಮಾತ್ರ ಆಗುತ್ತದೆ. ಕೊಲ್ಯಾಜನ್ ಅಂದರೆ ಚರ್ಮ, ಮೂಳೆಗಳಿಗೆ ಗಟ್ಟಿತನ ಕೊಡುವ ಪ್ರೋಟೀನು; ಅದರ ಜೆಲ್ ಒಳಗೆ ನಾವು ಜೀವಕೋಶ ಬೆಳೆಸುತ್ತೇವೆ.

ನಾನು ಉತ್ತರ ಬೆಂಗಳೂರಿನ ಒಂದು ಸಂಶೋಧನಾ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹದಿನಾರು ವರ್ಷದಿಂದ ಜೀವಕೋಶ ಬೆಳೆಸುವ ರೂಮೇ ನನ್ನ ಅಡುಗೆಮನೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರು 'ಅಕ್ಕ, ಜೆಲ್ ಆಗ್ಲಿಲ್ಲ' ಅಂತ ಬಂದು ನಿಲ್ಲುತ್ತಾರೆ. ಪ್ರತಿ ಸಲ ಅದನ್ನೇ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ.

ಮೊದಲು ಆ ಮೂರು ವಾರದ ಕಥೆ. ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳು ಜನವರಿಯಲ್ಲಿ ಜೆಲ್ ಒಳಗೆ ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಬೆಳೆಸಿದಳು. ಕೋಶಗಳು ಕೈಕಾಲು ಚಾಚಿ ಚೆನ್ನಾಗಿ ಹರಡಿಕೊಂಡವು. ಏಪ್ರಿಲ್‌ನಲ್ಲಿ ಅದೇ ಪ್ರಯೋಗ ಮತ್ತೆ ಮಾಡಿದರೆ ಕೋಶಗಳೆಲ್ಲ ಮುದುಡಿಕೊಂಡು ಕೂತವು. ಕೋಶ ಹಳತಾಯಿತು ಅಂದುಕೊಂಡೆವು. ಸೀರಮ್ ಬದಲಾಯಿಸಿದೆವು. ಇನ್ಕ್ಯುಬೇಟರ್ ತೊಳೆದೆವು. ಪಾಪ, ಅವಳು ಊಟ ಬಿಟ್ಟಳು. ಕೊನೆಗೆ ನೋಡಿದರೆ ಅವಳ ಹಾಳೆಯಲ್ಲಿ 'ಪ್ಲೇಟಿಗೆ ಹಾಕಿ 20 ನಿಮಿಷ ರೂಮ್ ಟೆಂಪರೇಚರ್, ಆಮೇಲೆ 37 ಡಿಗ್ರಿ' ಅಂತಿತ್ತು. ಆ 20 ನಿಮಿಷವೇ ಜನವರಿಯಲ್ಲಿ ಒಂದು ಜೆಲ್ ಮಾಡಿತ್ತು, ಏಪ್ರಿಲ್‌ನಲ್ಲಿ ಇನ್ನೊಂದು ಜೆಲ್ ಮಾಡಿತ್ತು. ಕೋಶಗಳದ್ದು ಏನೂ ತಪ್ಪಿರಲಿಲ್ಲ.

ಕಾಲು ಸೂಪಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಮನೆಯಲ್ಲಿ ಕಾಲು ಸೂಪ್ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಗಟ್ಟಿಯಾಗಿರುತ್ತದೆ. ಒಲೆ ಮೇಲಿಟ್ಟರೆ ಕರಗುತ್ತದೆ. ಹಾಗಾಗಿ ಹೊಸಬರು ಜೆಲ್ ಆಗಲಿಲ್ಲ ಅಂದ ತಕ್ಷಣ ಐಸಿನಲ್ಲಿಡುತ್ತಾರೆ. ಸೂಪಿನಲ್ಲಿರುವುದು ಜೆಲಟಿನ್. ಗಂಟೆಗಟ್ಟಲೆ ಕುದಿಸಿದ್ದರಿಂದ ಕೊಲ್ಯಾಜನ್ನಿನ ಹೆಣಿಗೆ ಬಿಚ್ಚಿಹೋಗಿರುತ್ತದೆ. ಲ್ಯಾಬಿನ ಕೊಲ್ಯಾಜನ್‌ನಲ್ಲಿ ಆ ಹೆಣಿಗೆ ಹಾಗೇ ಇರುತ್ತದೆ. ಇದು ತಣ್ಣಗಿದ್ದರೆ ನೀರು, ಬೆಚ್ಚಗಾದರೆ ಜೆಲ್. ಪೂರ್ತಿ ಉಲ್ಟಾ.

ಹೆಣಿಗೆ ಅಂದರೆ ನಿಜವಾಗಿಯೂ ಜಡೆಯೇ. ಮೂರು ಎಳೆ ಸೇರಿ ಒಂದು. ಈ ಮೂರೆಳೆಯ ರಚನೆಯನ್ನು 1954ರಲ್ಲಿ ಮದರಾಸಿನಿಂದ ತೋರಿಸಿಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಓದಿದ್ದು ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಸಿ.ವಿ. ರಾಮನ್ ಕೈಕೆಳಗೆ. ಮುಂದೆ ಅಲ್ಲಿಗೇ ವಾಪಸ್ ಬಂದು ಒಂದು ವಿಭಾಗ ಕಟ್ಟಿದರು. ಯಶವಂತಪುರದ ಕಡೆ ಬಸ್ಸಿನಲ್ಲಿ ಹೋಗುವಾಗ ಆ ಮರಗಳನ್ನು ನೋಡಿದರೆ ನನಗೆ ಸುಮ್ನೆ ಒಂದು ಹೆಮ್ಮೆ.

ಒಂದು ಕೊಲ್ಯಾಜನ್ ಅಣುವಿನ ಉದ್ದ ಸುಮಾರು 300 ನ್ಯಾನೊಮೀಟರ್, ದಪ್ಪ ಒಂದೂವರೆ ನ್ಯಾನೊಮೀಟರ್. ತೆಂಗಿನಗರಿ ಪೊರಕೆಯ ಒಂದಡಿ ಕಡ್ಡಿಯನ್ನು ನೆನೆಸಿಕೊಳ್ಳಿ. ಉದ್ದಕ್ಕೂ ದಪ್ಪಕ್ಕೂ ಹೆಚ್ಚುಕಡಿಮೆ ಅದೇ ಲೆಕ್ಕ. ಜೆಲ್ ಆಗುವುದು ಅಂದರೆ ಈ ಕಡ್ಡಿಗಳು ಪಕ್ಕ ಪಕ್ಕ ಬಂದು, ಒಂದಕ್ಕಿಂತ ಒಂದು 67 ನ್ಯಾನೊಮೀಟರ್ ಹಿಂದೆ ಮುಂದೆ ಸರಿದು, ಕಟ್ಟಾಗುವುದು. ಆ ಕಟ್ಟುಗಳನ್ನೇ ಇನ್ನು ಮುಂದೆ ಎಳೆ ಅನ್ನುತ್ತೇನೆ, ಜಡೆಯ ಮೂರು ಎಳೆ ಬೇರೆ. ಎಳೆಗಳು ಒಂದಕ್ಕೊಂದು ತೊಡರಿಕೊಂಡು ಬಲೆಯಾಗುತ್ತವೆ. ಬಲೆಯೊಳಗೆ ನೀರು ನಿಲ್ಲುತ್ತದೆ. 2 ಮಿಲಿಗ್ರಾಂ ಜೆಲ್ ಅಂದರೆ ಮಿಲಿಲೀಟರಿಗೆ 2 ಮಿಲಿಗ್ರಾಂ ಕೊಲ್ಯಾಜನ್, ಉಳಿದದ್ದೆಲ್ಲ ಉಪ್ಪುನೀರು. ಅಷ್ಟರಲ್ಲೇ ಅದು ಬೋರಲು ಹಾಕಿದರೂ ಬೀಳದಂತೆ ನಿಲ್ಲುತ್ತದೆ.

ಬಾಟಲಿಯಲ್ಲಿ ಬರುವಾಗ ಅವು ಯಾಕೆ ಕಟ್ಟಾಗಿರುವುದಿಲ್ಲ? ಇಲಿ ಬಾಲದ ಕೊಲ್ಯಾಜನ್ನನ್ನು ಸಾಮಾನ್ಯವಾಗಿ 0.02 ನಾರ್ಮಲ್ (ಆಸಿಡ್, ಕ್ಷಾರಗಳ ಸಾಂದ್ರತೆ ಅಳೆಯುವ ಮಾನ) ಅಸಿಟಿಕ್ ಆಸಿಡ್‌ನಲ್ಲಿ ಕರಗಿಸಿರುತ್ತಾರೆ. ಆಸಿಡ್‌ನಲ್ಲಿ ಕಡ್ಡಿಗಳ ಮೇಲೆಲ್ಲ ಧನ ವಿದ್ಯುದಂಶ. ಒಂದನ್ನೊಂದು ದೂರ ತಳ್ಳುತ್ತವೆ. ನಾವು ಆಸಿಡ್ ಕಳೆದಾಗ ತಳ್ಳಾಟ ನಿಲ್ಲುತ್ತದೆ. ಬೆಚ್ಚಗೆ ಮಾಡಿದಾಗ ಕಡ್ಡಿಗಳಿಗೆ ಅಂಟಿಕೊಂಡ ನೀರು ಬಿಟ್ಟುಹೋಗುತ್ತದೆ, ಅವು ಹತ್ತಿರ ಬರುತ್ತವೆ. ಎರಡೂ ಬೇಕು.

ಬೆರೆಸುವ ಲೆಕ್ಕ

1 ಮಿಲಿಲೀಟರ್ ಜೆಲ್, 2 ಮಿಲಿಗ್ರಾಂ ಸಾಂದ್ರತೆ, ಬಾಟಲಿ ಮೇಲೆ 4 ಮಿಲಿಗ್ರಾಂ ಅಂತಿದೆ ಅಂದುಕೊಳ್ಳಿ. ಆಗ 10 ಎಕ್ಸ್ ಪಿಬಿಎಸ್ (ಹತ್ತು ಪಟ್ಟು ಗಾಢವಾದ ಫಾಸ್ಫೇಟ್ ಉಪ್ಪುನೀರು) 100 ಮೈಕ್ರೊಲೀಟರ್, 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 11.5, ಸ್ಟೆರೈಲ್ ನೀರು 388.5, ಕೊಲ್ಯಾಜನ್ 500. ಹೈಡ್ರಾಕ್ಸೈಡ್ ಲೆಕ್ಕ ಬಂದದ್ದು ಹೀಗೆ: ತೆಗೆದುಕೊಂಡ ಕೊಲ್ಯಾಜನ್ ಗಾತ್ರವನ್ನು 0.023ರಿಂದ ಗುಣಿಸಬೇಕು. 0.02 ನಾರ್ಮಲ್ ಆಸಿಡ್ ಕಳೆಯಲು 0.02 ಸಾಕು, ಮೇಲೊಂದು ಚೂರು ಜಾಸ್ತಿ. ಗುಣಿಸಬೇಕಾದ್ದು ಕೊಲ್ಯಾಜನ್ ಗಾತ್ರವನ್ನು, ಒಟ್ಟು ಗಾತ್ರವನ್ನಲ್ಲ. ಈ ತಪ್ಪನ್ನು ವರ್ಷಕ್ಕೆ ಒಬ್ಬರಾದರೂ ಮಾಡುತ್ತಾರೆ. 11.5 ಹಾಕುವ ಕಡೆ 23 ಹಾಕಿ 'ಅಕ್ಕ, ಪಿಂಕ್ ಆಯ್ತು' ಅನ್ನುತ್ತಾರೆ (ಬಣ್ಣದ ವಿಷಯ ಮುಂದೆ ಬರುತ್ತದೆ). ನಿಮ್ಮ ಬಾಟಲಿಯಲ್ಲಿ ಆಸಿಡ್ ಬೇರೆ ಇದ್ದರೆ, ಅಥವಾ ಅದೇ ಆಸಿಡ್ ಇದ್ದು ಅದರ ಸಾಂದ್ರತೆ ಬೇರೆ ಇದ್ದರೆ, ಅಂಕಿ ಬದಲಾಗುತ್ತದೆ. ಲೇಬಲ್ ಓದಿ.

ಎಲ್ಲವೂ ಐಸಿನ ಮೇಲೆ. ಎಲ್ಲವೂ ಅಂದರೆ ಟ್ಯೂಬು, ಪಿಬಿಎಸ್, ನೀರು, ಪಿಪೆಟ್ಟಿನ ಟಿಪ್ಪು ಕೂಡ. ನಾನು ಟಿಪ್ ಡಬ್ಬವನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ಇಡುತ್ತೇನೆ. ನಾಲ್ಕು ಡಿಗ್ರಿಯ ಕೊಲ್ಯಾಜನ್ನನ್ನು 30 ಡಿಗ್ರಿಯ ಟಿಪ್ಪಿನಲ್ಲಿ ಎಳೆದರೆ ಹೆಪ್ಪು ಅಲ್ಲಿಂದಲೇ ಶುರು ಅಲ್ವಾ?

ಮೊದಲು ಪಿಬಿಎಸ್, ನೀರು, ಹೈಡ್ರಾಕ್ಸೈಡ್ ಮೂರನ್ನೂ ಬೆರೆಸಿ ತಣ್ಣಗೆ ಮಾಡಿಕೊಳ್ಳಿ. ಕೊಲ್ಯಾಜನ್ ಕೊನೆಗೆ. ಕೊಲ್ಯಾಜನ್ ಮೇಲೆ ನೇರವಾಗಿ ಹೈಡ್ರಾಕ್ಸೈಡ್ ತೊಟ್ಟಿಕ್ಕಿದರೆ ಬಿದ್ದ ಜಾಗದಲ್ಲಿ ಮಾತ್ರ ಪಿಎಚ್ ಏರಿ ಬಿಳಿ ಗಂಟು ಕಟ್ಟುತ್ತದೆ. ಕುದಿಯುವ ನೀರಿಗೆ ಒಣ ರಾಗಿ ಹಿಟ್ಟು ಸುರಿದ ಹಾಗೆ. ಆ ಗಂಟು ಆಮೇಲೆ ಒಡೆಯುವುದಿಲ್ಲ. ಒಡೆಯಲು ಹೋಗಬೇಡಿ, ಎಸೆದು ಹೊಸದು ಮಾಡಿ.

ಕೊಲ್ಯಾಜನ್ ಜೇನಿನ ಹಾಗೆ ಮಂದ. ಟಿಪ್ಪಿನ ಒಳಗೋಡೆಗೆ ಹತ್ತಿಕೊಳ್ಳುತ್ತದೆ. ತುದಿ ಕತ್ತರಿಸಿದ ಅಗಲ ಬಾಯಿಯ ಟಿಪ್ಪು ತೆಗೆದುಕೊಳ್ಳಿ, ನಿಧಾನ ಎಳೆಯಿರಿ, ಎಳೆದ ಮೇಲೆ ಎರಡು ಸೆಕೆಂಡ್ ತಡೆದು ಎತ್ತಿ. ಬೆರೆಸುವಾಗ ಮೇಲೆ ಕೆಳಗೆ ಎಂಟು ಹತ್ತು ಸಲ ಸಾಕು. ವೋರ್ಟೆಕ್ಸ್ (ಟ್ಯೂಬನ್ನು ಗಿರಗಿರ ಅಲುಗಿಸುವ ಯಂತ್ರ) ಬೇಡ. ಗುಳ್ಳೆ ಬಂದರೆ ನಾಲ್ಕು ಡಿಗ್ರಿಯಲ್ಲಿ ಅರ್ಧ ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಕೋಶ ಹಾಕಿದ ಮೇಲೆ ಅಲ್ಲ, ಅದಕ್ಕೂ ಮೊದಲು. ಕೋಶಗಳನ್ನು ಹಾಕುವುದೇ ಆದರೆ ಆಸಿಡ್ ಕಳೆದ ಮೇಲೆ ಹಾಕಿ. ಅವು ತೇಲುವ ಮೀಡಿಯಂನ (ಕೋಶಗಳ ಪೋಷಕ ದ್ರವದ) ಗಾತ್ರವನ್ನು ನೀರಿನ ಲೆಕ್ಕದಿಂದ ಕಳೆಯಿರಿ. ಆ ಮೀಡಿಯಂನಲ್ಲೂ ಉಪ್ಪಿದೆ, ಹಾಗಾಗಿ ಅಷ್ಟರ ಮಟ್ಟಿಗೆ 10 ಎಕ್ಸ್ ಕಡಿಮೆ ಮಾಡಿ.

ಪಿಎಚ್, ಅಂದರೆ ಓಕುಳಿ

ಗುರಿ 7.2ರಿಂದ 7.4. ಮದುವೆಮನೆಯಲ್ಲಿ ಆರತಿಗೆ ಓಕುಳಿ ಕಲೆಸುವುದನ್ನು ನೋಡಿದ್ದೀರಲ್ಲ? ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದ ತಕ್ಷಣ ಕೆಂಪು. ಲ್ಯಾಬಿನಲ್ಲಿ ಆ ಕೆಲಸಕ್ಕೆ ಫಿನಾಲ್ ರೆಡ್ ಇದೆ. ಪಿಬಿಎಸ್ ಬದಲು ಫಿನಾಲ್ ರೆಡ್ ಇರುವ 10 ಎಕ್ಸ್ ಮೀಡಿಯಂ ಹಾಕಿದರೆ ಕಣ್ಣಲ್ಲೇ ಗೊತ್ತಾಗುತ್ತದೆ. ಹಳದಿ ಇದ್ದರೆ ಇನ್ನೂ ಆಸಿಡ್. ಕಡು ಗುಲಾಬಿ ಆದರೆ 8 ದಾಟಿದೆ. ನಿಮಗೆ ಬೇಕಾದ್ದು ಎರಡರ ನಡುವಿನ ಕಿತ್ತಳೆ ಮಿಶ್ರಿತ ಕೆಂಪು. ಬಣ್ಣ ಬೇಡದ ಪ್ರಯೋಗಕ್ಕೆ 5 ಮೈಕ್ರೊಲೀಟರ್ ಹನಿಯನ್ನು ಪಿಎಚ್ ಪಟ್ಟಿಯ ಮೇಲೆ ಇಡಿ. 6ರಿಂದ 8ರವರೆಗಿನ ಕಿರು ಪಟ್ಟಿ ತರಿಸಿಕೊಳ್ಳಿ, 1ರಿಂದ 14ರದ್ದು ಇದಕ್ಕೆ ಪ್ರಯೋಜನವಿಲ್ಲ. ಪಿಎಚ್ ಮೀಟರಿನ ಎಲೆಕ್ಟ್ರೋಡನ್ನು ಮಾತ್ರ ದಯವಿಟ್ಟು ಕೊಲ್ಯಾಜನ್ನಿಗೆ ಅದ್ದಬೇಡಿ. ಅದರ ಮೂತಿಯ ಮೇಲೆ ಜೆಲ್ ಕಟ್ಟುತ್ತದೆ, ತೊಳೆಯುವುದು ನಾನು.

ಪಿಎಚ್ ಆರರ ಕೆಳಗೇ ಉಳಿದರೆ ಗಂಟೆ ಕಳೆದರೂ ತೆಳ್ಳಗೆ ಮಬ್ಬು ಬಂದು ಅಲ್ಲೇ ನಿಲ್ಲುತ್ತದೆ. ಆರೂವರೆಯಿಂದ ಏಳೂವರೆಯ ಕಡೆ ಹೋದಂತೆ ಜೆಲ್ ಬೇಗ ಕಟ್ಟುತ್ತದೆ, ಎಳೆ ತೆಳುವಾಗುತ್ತದೆ, ಬಲೆ ಬಿಗಿಯಾಗುತ್ತದೆ. ಎಂಟು ದಾಟಿದ ಜೆಲ್ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗಿರುವ ಕೋಶಗಳಿಗೆ ಅದು ಹಿಡಿಸುವುದಿಲ್ಲ.

ಇಲ್ಲೊಂದು ಗುಟ್ಟಿದೆ. 10 ಎಕ್ಸ್ ಪಿಬಿಎಸ್‌ನ ಪಿಎಚ್ ನೋಡಿದರೆ 6.8ರ ಆಸುಪಾಸು ತೋರಿಸುತ್ತದೆ. ಗಾಬರಿಯಾಗಿ ಅದನ್ನು 7.4ಕ್ಕೆ ಏರಿಸಬೇಡಿ. ಹತ್ತು ಪಟ್ಟು ತೆಳು ಮಾಡಿದಾಗ ತಾನಾಗಿಯೇ 7.4ರ ಹತ್ತಿರ ಬರುತ್ತದೆ. ಇನ್ನೊಂದು, ಮೀಡಿಯಂನಲ್ಲಿ ಬೈಕಾರ್ಬೊನೇಟ್ ಇದ್ದರೆ ಅದಕ್ಕೆ 5 ಶೇಕಡಾ ಕಾರ್ಬನ್ ಡೈಆಕ್ಸೈಡ್ ಇರುವ ಇನ್ಕ್ಯುಬೇಟರೇ ಬೇಕು. ಮಾಮೂಲಿ ಓವನ್‌ನಲ್ಲಿ ಇಟ್ಟರೆ ಗ್ಯಾಸ್ ಹೊರಟುಹೋಗಿ ಪಿಎಚ್ ಮೇಲೇರುತ್ತದೆ.

ಉಪ್ಪು

ಉಪ್ಪಿನ ಬಗ್ಗೆ ಯಾರೂ ಯೋಚಿಸುವುದಿಲ್ಲ, ಯಾಕೆಂದರೆ ಪಿಬಿಎಸ್ ಬಾಟಲಿ ಯಾವಾಗಲೂ ಕೈಗೆ ಸಿಗುತ್ತದೆ. ಆಸಿಡ್ ಕಳೆದ ಮೇಲೆ ಕಡ್ಡಿಗಳು ಒಂದನ್ನೊಂದು ಎಳೆಯುವುದು ಧನ, ಋಣ ವಿದ್ಯುದಂಶಗಳಿಂದ. ಉಪ್ಪು ನಡುವೆ ಬಂದು ಆ ಸೆಳೆತಕ್ಕೆ ಪರದೆ ಹಾಕುತ್ತದೆ. ಉಪ್ಪು ಜಾಸ್ತಿಯಾದಷ್ಟೂ ಹೆಪ್ಪು ನಿಧಾನ, ಎಳೆಗಳು ದಪ್ಪ. ಉಪ್ಪು ತೀರಾ ಕಡಿಮೆಯಾದರೆ ಬೇಗ ಕಟ್ಟುತ್ತದೆ, ಎಳೆ ತೆಳು, ಕಡ್ಡಿಗಳು ಸರಿದು ಕೂತದ್ದರಿಂದ ಎಳೆಯ ಮೇಲೆ ಬರುವ 67 ನ್ಯಾನೊಮೀಟರಿನ ಪಟ್ಟೆಯೂ ಸರಿಯಾಗಿ ಮೂಡುವುದಿಲ್ಲ. ಕೋಶಗಳಿರುವಾಗ ಆಟ ಆಡಲು ಜಾಗವಿಲ್ಲ, 1 ಎಕ್ಸ್ ಆಗಿಯೇ ಇರಬೇಕು.

ನನಗೆ ಪೆಟ್ಟು ಕೊಟ್ಟದ್ದು ಫ್ರಿಜ್ಜು. 10 ಎಕ್ಸ್ ಪಿಬಿಎಸ್ ನಾಲ್ಕು ಡಿಗ್ರಿಯಲ್ಲಿ ಕೂತರೆ ತಳದಲ್ಲಿ ಕಲ್ಲುಸಕ್ಕರೆ ಥರ ಹರಳು ಕಟ್ಟುತ್ತದೆ. ಮೇಲಿನ ತಿಳಿಯನ್ನು ಎಳೆದುಕೊಂಡರೆ ಉಪ್ಪೂ ಫಾಸ್ಫೇಟೂ ಕಡಿಮೆ. ನಾನು ಒಂದು ತಿಂಗಳು ಹಾಗೇ ಜೆಲ್ ಮಾಡಿದ್ದೆ, ಯಾಕೆ ಇಷ್ಟು ಬೇಗ ಕಟ್ಟುತ್ತಿದೆ ಅಂತ ತಲೆ ಕೆರೆದುಕೊಂಡಿದ್ದೆ. ಈಗ ದೊಡ್ಡ ಬಾಟಲಿ ಹೊರಗೇ ಇರುತ್ತದೆ. ಅವತ್ತಿಗೆ ಬೇಕಾದ ಒಂದು ಮಿಲಿಲೀಟರ್ ಮಾತ್ರ ಐಸಿಗೆ, ಅದೂ ಕೆಲಸಕ್ಕೆ ಹತ್ತು ನಿಮಿಷ ಮುಂಚೆ.

ಬಿಸಿ ಮತ್ತು ಹೊತ್ತು

ಈಗ ಆ 20 ನಿಮಿಷದ ವಿಷಯಕ್ಕೆ ಬರುತ್ತೇನೆ. ಕೊಲ್ಯಾಜನ್ ಎಳೆ ಬೆಳೆಯುವುದು ಬೀಜದಿಂದ. ಕೆಲವು ಅಣುಗಳು ಮೊದಲು ಸೇರಿ ಪುಟ್ಟ ಬೀಜ ಆಗುತ್ತವೆ. ಆ ಹೊತ್ತಿನಲ್ಲಿ ಟ್ಯೂಬು ತಿಳಿಯಾಗಿಯೇ ಕಾಣುತ್ತದೆ, ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ಉಳಿದವು ಬಂದು ಅಂಟಿಕೊಳ್ಳುತ್ತವೆ, ಒಮ್ಮೆಲೆ ಬೆಳ್ಳಗಾಗುತ್ತದೆ. ಎಷ್ಟು ಬೀಜ ಹುಟ್ಟಿದವು ಅನ್ನುವುದರ ಮೇಲೆ ಎಳೆಯ ದಪ್ಪ ನಿಂತಿದೆ.

ನಮ್ಮೂರು ತಿಪಟೂರು ಕಡೆ. ರಾಗಿಯನ್ನು ಎರಚಿದರೆ ಪೈರು ಒತ್ತೊತ್ತಾಗಿ ಬಂದು ಕಡ್ಡಿ ಸಣ್ಣ. ಸಸಿ ಮಾಡಿ ದೂರ ದೂರ ನಾಟಿ ಹಾಕಿದರೆ ಬುಡ ದಪ್ಪ, ನಡುವೆ ಕೋಳಿ ಓಡಾಡುವಷ್ಟು ಜಾಗ. 37 ಡಿಗ್ರಿಗೆ ನೇರ ಹಾಕಿದ ಜೆಲ್ ಎರಚಿದ ರಾಗಿ. ಒಟ್ಟಿಗೇ ಬೀಜ ಹುಟ್ಟಿ ಎಳೆ ತೆಳು, ತೂತು ಸಣ್ಣ. 20 ಡಿಗ್ರಿಯಲ್ಲಿ ನಿಧಾನ ಕಟ್ಟಿದ ಜೆಲ್ ನಾಟಿ ರಾಗಿ. ಎಳೆ ದಪ್ಪ, ತೂತು ದೊಡ್ಡದು. ನಮ್ಮ ಹುಡುಗಿಯ ಜನವರಿ ಕೋಶಗಳು ಆ ದೊಡ್ಡ ತೂತುಗಳಲ್ಲಿ ಕೈಕಾಲು ಚಾಚಿದ್ದವು. ಏಪ್ರಿಲ್‌ನವುಗಳಿಗೆ ಸಿಕ್ಕಿದ್ದು ಒತ್ತೊತ್ತು ಬಲೆ.

ಹಾಗಾದರೆ ಯಾವುದು ಸರಿ? ನಿಮ್ಮ ಪ್ರಶ್ನೆ ಏನು ಅನ್ನುವುದರ ಮೇಲಿದೆ. ಕೋಶಗಳು ಜೆಲ್ ತುಂಬ ಸಮವಾಗಿ ಹರಡಿರಬೇಕು ಅಂದರೆ ನೇರ 37ಕ್ಕೆ ಇಡಿ. ನಿಧಾನ ಮಾಡಿದರೆ ಕೋಶಗಳು ಭಾರಕ್ಕೆ ತಳಕ್ಕಿಳಿದು ಕೂರುತ್ತವೆ. ದಪ್ಪ ಎಳೆಯೇ ಬೇಕು ಅಂದರೆ ಕೂಲಿಂಗ್ ಇರುವ ಇನ್ಕ್ಯುಬೇಟರಿನಲ್ಲಿ 22 ಡಿಗ್ರಿ ಹಾಕಿ ಗಂಟೆಗೂ ಮೀರಿ ಬಿಡಿ, ಕೋಶ ತಳಕ್ಕಿಳಿಯದಂತೆ ತಟ್ಟೆಯನ್ನು ಆಗಾಗ ಮೆಲ್ಲಗೆ ಬೋರಲು ಮಾಡುತ್ತಾ ಇರಿ. ಎರಡರಲ್ಲಿ ಯಾವುದನ್ನಾದರೂ ಮಾಡಿ, ಬೆಂಚಿನ ಮೇಲೆ ಮಾತ್ರ ಬಿಡಬೇಡಿ. ಬೆಂಚು ಯಾರ ಮಾತೂ ಕೇಳುವುದಿಲ್ಲ. ಅವಳ ಹಾಳೆಯಲ್ಲಿ ಈಗ '22 ಡಿಗ್ರಿ, 20 ನಿಮಿಷ, ಆಮೇಲೆ 37 ಡಿಗ್ರಿ' ಅಂತ ಬರೆದಿದೆ. ನಾನು ಹೋಗಿ ಮಲ್ಲೇಶ್ವರದಿಂದ ಒಂದು ಸಾದಾ ಥರ್ಮಾಮೀಟರ್ ತಂದು ಬೆಂಚಿಗೆ ಅಂಟಿಸಿದೆ. ಅವತ್ತಿನಿಂದ ಎಲ್ಲರೂ ನೋಟ್‌ಬುಕ್ಕಿನಲ್ಲಿ ಆ ಅಂಕಿ ಬರೆಯುತ್ತಾರೆ.

ತಟ್ಟೆಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಇನ್ಕ್ಯುಬೇಟರಿನ ಶೆಲ್ಫ್ ಮೇಲೆ ತಟ್ಟೆಯ ಮೇಲೆ ತಟ್ಟೆ ಪೇರಿಸಿದರೆ ಕೆಳಗಿನದು ಬೇಗ ಬೆಚ್ಚಗಾಗುತ್ತದೆ, ಮೇಲಿನದು ತಡ. ಒಂದೊಂದಾಗಿ ಹರಡಿ ಇಡಿ. ಬಾಗಿಲು ತೆರೆದು ತೆರೆದು ನೋಡಬೇಡಿ, ಮೇಲೆ ಹೇಳಿದ ಹಾಗೆ ಮೆಲ್ಲಗೆ ಬೋರಲು ಮಾಡುವುದು ಬಿಟ್ಟು ತಟ್ಟೆ ಅಲುಗಿಸಬೇಡಿ. ಮೊಸರಿಗೆ ಹೆಪ್ಪು ಹಾಕಿ ಪಾತ್ರೆ ಅಲ್ಲಾಡಿಸಿದರೆ ಅಮ್ಮ ಬೈಯುತ್ತಿದ್ದರಲ್ಲ, ಇಲ್ಲೂ ಅದೇ. ಅರ್ಧ ಕಟ್ಟಿದ ಬಲೆ ಹರಿದರೆ ಮತ್ತೆ ಸೇರುವುದಿಲ್ಲ. 96 ಗುಳಿಯ ತಟ್ಟೆಯಲ್ಲಿ ಅಂಚಿನ ಗುಳಿಗಳು ಒಣಗುತ್ತವೆ, ಅವುಗಳಿಗೆ ಬರೀ ಪಿಬಿಎಸ್ ಹಾಕಿ ಬಿಡಿ.

ಬಾಟಲಿಯೊಳಗೆ ಏನಿದೆ

ಸಾಂದ್ರತೆ ಬಗ್ಗೆ ಹೆಚ್ಚು ಹೇಳುವುದಿಲ್ಲ. 1 ಮಿಲಿಗ್ರಾಂ ಜೆಲ್ ಮುಟ್ಟಿದರೆ ಹರಿಯುತ್ತದೆ, 3 ಗಟ್ಟಿ. ಜಾಸ್ತಿ ಹಾಕಿದಷ್ಟು ಬೇಗ ಕಟ್ಟುತ್ತದೆ, ತೂತು ಸಣ್ಣದಾಗುತ್ತದೆ. ಪ್ರತಿ ಬ್ಯಾಚಿನ ಲೇಬಲ್ ಮೇಲೆ ಅಂಕಿ ಬೇರೆ, ಹಳೆ ಲೆಕ್ಕದ ಚೀಟಿ ಹರಿದು ಹಾಕಿ.

ಮುಖ್ಯವಾದದ್ದು ಕೊಲ್ಯಾಜನ್ನನ್ನು ಹೇಗೆ ತೆಗೆದಿದ್ದಾರೆ ಅನ್ನುವುದು. ಬರೀ ಆಸಿಡ್‌ನಲ್ಲಿ ತೆಗೆದದ್ದಾದರೆ ಕಡ್ಡಿಯ ಎರಡು ತುದಿಯ ಬಾಲಗಳು ಹಾಗೇ ಇರುತ್ತವೆ. ಪೆಪ್ಸಿನ್ (ಪ್ರೋಟೀನು ಕತ್ತರಿಸುವ ಕಿಣ್ವ) ಹಾಕಿ ತೆಗೆದದ್ದಾದರೆ ಬಾಲ ಕತ್ತರಿಸಿಹೋಗಿರುತ್ತದೆ. ಬೀಜ ಕಟ್ಟಲು ಆ ಬಾಲಗಳು ಸಹಾಯ ಮಾಡುತ್ತವೆ. ಬಾಲವಿಲ್ಲದ್ದು ತಡವಾಗಿ ಕಟ್ಟುತ್ತದೆ, ಜೆಲ್ ಮೆದು. ಅರ್ಧ ಗಂಟೆಗೆ ಆಗದಿದ್ದರೆ ಗಂಟೆ, ಒಂದೂವರೆ ಗಂಟೆ ಬಿಡಿ. ಎರಡನ್ನೂ ಒಂದೇ ಪ್ರಯೋಗದಲ್ಲಿ ಹೋಲಿಸಬೇಡಿ.

ಬಾಟಲಿಯನ್ನು ಫ್ರೀಜರಿಗೆ ಹಾಕಬೇಡಿ, ಬಿಸಿಲಿಗೂ ಬಿಡಬೇಡಿ. ಆಸಿಡ್‌ನಲ್ಲಿ ಕರಗಿದ ಕೊಲ್ಯಾಜನ್ನಿನ ಜಡೆ 40 ಡಿಗ್ರಿ ಆಸುಪಾಸಿನಲ್ಲೇ ಬಿಚ್ಚಿಹೋಗುತ್ತದೆ, ಕಾಲು ಸೂಪ್ ಆಗುತ್ತದೆ. ಒಂದು ಮೇ ತಿಂಗಳು ನಮಗೆ ಬಂದ ಪಾರ್ಸೆಲ್‌ನಲ್ಲಿ ಐಸ್ ಪ್ಯಾಕ್ ಪೂರ್ತಿ ಕರಗಿ ಬೆಚ್ಚಗಿತ್ತು. ಬಾಟಲಿ ನೋಡಲು ಸರಿಯಾಗಿಯೇ ಇತ್ತು. ಎಷ್ಟು ಮಾಡಿದರೂ ಜೆಲ್ ಆಗಲಿಲ್ಲ. ಹಣ ವಾಪಸ್ ಬರಲಿಲ್ಲ ಅನ್ನುವುದು ಬೇರೆ ಕಥೆ. ಈಗ ಪಾರ್ಸೆಲ್ ಬಂದ ಕೂಡಲೇ ಬಿಚ್ಚಿ, ಐಸ್ ಪ್ಯಾಕ್ ಮುಟ್ಟಿ ನೋಡಿ, ಫೋಟೊ ತೆಗೆದಿಡುತ್ತೇನೆ.

ಹೊಸ ಬ್ಯಾಚ್ ಬಂದಾಗ ಕೋಶ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ನೂರು ಮೈಕ್ರೊಲೀಟರ್ ಮಿಶ್ರಣವನ್ನು, ಬೆಳಕು ಹಾಯಿಸಿ ಮಬ್ಬು ಅಳೆಯುವ ಪ್ಲೇಟ್ ರೀಡರ್‌ಗೆ ಹಾಕಿ, 37 ಡಿಗ್ರಿ, 405 ನ್ಯಾನೊಮೀಟರ್, ನಿಮಿಷಕ್ಕೊಂದು ಅಳತೆ. ಗೆರೆ ಮೊದಲು ಮಲಗಿರುತ್ತದೆ, ಆಮೇಲೆ ಗುಡ್ಡ ಹತ್ತುತ್ತದೆ, ಕೊನೆಗೆ ಮಟ್ಟಸವಾಗುತ್ತದೆ. ಮಲಗಿರುವ ಹೊತ್ತು ಹಳೆ ಬ್ಯಾಚಿನಷ್ಟೇ ಇದೆಯಾ ನೋಡಿ. ಎದ್ದೇ ಏಳದಿದ್ದರೆ ಮೊದಲು ಪಿಎಚ್ ನೋಡಿ, ಆಮೇಲೆ ಬಾಟಲಿಯನ್ನು ಅನುಮಾನಿಸಿ. ಶುರುವಿನಲ್ಲೇ ಎತ್ತರದಲ್ಲಿದ್ದರೆ ನೀವು ಬೆರೆಸುವಾಗಲೇ ಕಟ್ಟಲು ಆರಂಭವಾಗಿದೆ, ಐಸ್ ಸಾಲದು.

ಬೆರೆಸಿದ್ದರಲ್ಲಿ ಟ್ಯೂಬಿನ ತಳದಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಅದನ್ನು ಎಸೆಯಬೇಡಿ. ಮುಚ್ಚಳ ಹಾಕಿ ತಟ್ಟೆಯ ಪಕ್ಕದಲ್ಲೇ ಇನ್ಕ್ಯುಬೇಟರಿನಲ್ಲಿಡಿ. ನಲವತ್ತು ನಿಮಿಷ ಆದ ಮೇಲೆ ತಟ್ಟೆ ಮುಟ್ಟದೆ ಆ ಟ್ಯೂಬನ್ನು ಓರೆ ಮಾಡಿ. ಹರಿದರೆ ಇನ್ನೊಂದು ಇಪ್ಪತ್ತು ನಿಮಿಷ. ಹರಿಯದೆ ಬೆಳ್ಳಗೆ ನಿಂತಿದ್ದರೆ 37 ಡಿಗ್ರಿಗೆ ಬೆಚ್ಚಗೆ ಮಾಡಿದ ಮೀಡಿಯಂ ತೆಗೆದುಕೊಂಡು, ಪಿಪೆಟ್ಟನ್ನು ಗುಳಿಯ ಗೋಡೆಗೆ ತಾಗಿಸಿ, ಜೆಲ್ ಮೇಲೆ ನೇರ ಬೀಳದಂತೆ, ಹನಿ ಹನಿಯಾಗಿ ಇಳಿಸಿ.